ಜಿಯು-ಜಿಟ್ಸು ಶಿಕ್ಷಕರ ಸ್ಪರ್ಧಾ ದಾಖಲೆಯನ್ನು ಓದುವ ಬಗೆ

ನೆಲದ ಮೇಲೆ ಹಿಡಿತ ಹಾಕಿ ಸೆಣಸುವ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸುವವರ ಹೆಸರಿನ ಮುಂದೆ ‘ವಿಶ್ವ ಚಾಂಪಿಯನ್’ ಎಂದಿದ್ದರೆ, ಅದು ಯಾವ ಬೆಲ್ಟಿನಲ್ಲಿ (ಪರಿಣತಿಯ ಮಟ್ಟ ತೋರುವ ನಡುಪಟ್ಟಿ), ಯಾವ ವಯೋವರ್ಗದಲ್ಲಿ, ಯಾವ ಸಂಸ್ಥೆಯ ಕೂಟದಲ್ಲಿ ಬಂದ ಪಟ್ಟ ಎಂಬುದನ್ನು ಮೊದಲು ವಿಚಾರಿಸಿ. ಈ ಕ್ರೀಡೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್ 1996ರಿಂದ ನಡೆಸುತ್ತಿರುವ ವಿಶ್ವ ಕೂಟದಲ್ಲಿ ಆರಂಭದ ಮಟ್ಟದ ಬ್ಲೂ ಬೆಲ್ಟಿನವರ ಪಂದ್ಯ 6 ನಿಮಿಷ, ಪರಿಣತರಾದ ಬ್ಲ್ಯಾಕ್ ಬೆಲ್ಟಿನವರದು 10 ನಿಮಿಷ. ಎರಡೂ ಕಡೆ ಗೆದ್ದವರು ಚಾಂಪಿಯನ್ನರೇ, ಆದರೆ ಎದುರಾಳಿಗಳ ಮಟ್ಟದಲ್ಲಿ ಅಜಗಜಾಂತರವಿದೆ.

ಅನಂತರ ನಿಯಮಗಳನ್ನು ನೋಡಬೇಕು. ಐಬಿಜೆಜೆಎಫ್ ಪಂದ್ಯದಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವಿದರೆ 2, ಗಾರ್ಡ್ (ಕೆಳಗಿರುವವರು ಕಾಲುಗಳಿಂದ ಒಡ್ಡುವ ತಡೆ) ದಾಟಿದರೆ 3, ಬೆನ್ನು ಹಿಡಿದರೆ 4 ಅಂಕ. ಇನ್ನೊಂದು ದೊಡ್ಡ ಅಂತಾರಾಷ್ಟ್ರೀಯ ಕೂಟವಾದ ಎಡಿಸಿಸಿಯಲ್ಲಿ ಪಂದ್ಯದ ಮೊದಲರ್ಧಕ್ಕೆ ಅಂಕವೇ ಇಲ್ಲ. ಆದ್ದರಿಂದ ಒಟ್ಟು ಗೆಲುವುಗಳನ್ನು ಎಣಿಸುವುದಕ್ಕಿಂತ, ಎಷ್ಟು ಗೆಲುವು ಸಬ್‌ಮಿಷನ್‌ನಿಂದ (ಎದುರಾಳಿ ಸೋಲೊಪ್ಪುವಂತೆ ಮಾಡಿ) ಬಂದವು, ಎಷ್ಟು ಅಂಕಗಳಿಂದ ಬಂದವು ಎಂದು ಬೇರ್ಪಡಿಸಿಕೊಳ್ಳುವುದು ಮೇಲು.

ಇಬ್ಬರು ಶಿಕ್ಷಕರ ಮುಖಾಮುಖಿಯನ್ನು ಅಳೆಯುವಾಗ ಫಲಿತಾಂಶದ ಜೊತೆಗೆ ಕಾಲ ಮತ್ತು ಸಂದರ್ಭಗಳೂ ಲೆಕ್ಕಕ್ಕೆ ಬರಬೇಕು. 2003ರಲ್ಲಿ ಸಾವೊ ಪೌಲೊದ ಎಡಿಸಿಸಿಯಲ್ಲಿ, ಆಗಿನ್ನೂ ಬ್ಲ್ಯಾಕಿಗಿಂತ ಒಂದು ಮೆಟ್ಟಿಲು ಕೆಳಗಿನ ಬ್ರೌನ್ ಬೆಲ್ಟಿನಲ್ಲಿದ್ದ ಎಡ್ಡಿ ಬ್ರಾವೊ, ಅದೇ ಕೂಟದಲ್ಲಿ ಮೂರು ಬಾರಿ ಚಿನ್ನ ಗೆದ್ದಿದ್ದ ರಾಯ್ಲರ್ ಗ್ರೇಸಿಯವರನ್ನು ಕಾಲುಗಳಿಂದ ಕತ್ತು ಬಿಗಿಯುವ ಟ್ರಯಾಂಗಲ್ ಪಟ್ಟಿನಿಂದ ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಬ್ರಾವೊ ಲಿಯೊ ವಿಯೇರಾ ಅವರಿಗೆ ಸೋತರು. ಆ ಒಂದು ಗೆಲುವಿನ ಕೀರ್ತಿಯ ಮೇಲೆಯೇ ಬ್ರಾವೊ ಅವರ ಶಾಲೆ ಬೆಳೆಯಿತು ಎಂದರೆ ಅತಿಶಯವಲ್ಲ. 2014ರಲ್ಲಿ ಇಬ್ಬರೂ ಅಂಕಗಳಿಲ್ಲದ 20 ನಿಮಿಷದ ಪಂದ್ಯದಲ್ಲಿ ಮತ್ತೆ ಎದುರಾದಾಗ, ಬ್ರಾವೊ ಕಾಲು ಹಿಂಡುವ ಪಟ್ಟುಗಳನ್ನು ಹಾಕಿದರೂ 48 ವರ್ಷದ ರಾಯ್ಲರ್ ಟ್ಯಾಪ್ ಮಾಡಿ (ಕೈತಟ್ಟಿ) ಸೋಲೊಪ್ಪಲಿಲ್ಲ. ಪಟ್ಟಿಯಲ್ಲಿ ಅದು ಬರಿಯ ‘ಡ್ರಾ’. ವಿಡಿಯೊ ನೋಡದೆ ಅಂಥ ಡ್ರಾಗೆ ಬೆಲೆ ಕಟ್ಟಲಾಗದು. ರೋಜರ್ ಗ್ರೇಸಿ ಮತ್ತು ಬುಶೇಶಾ ಎಂದೇ ಹೆಸರಾದ ಮಾರ್ಕಸ್ ಅಲ್ಮೇಡಾ 2012ರಲ್ಲಿ ಸಮಬಲ ಸಾಧಿಸಿದ್ದನ್ನಷ್ಟೇ ಓದಿದವರು, 2017ರಲ್ಲಿ ರಿಯೊದಲ್ಲಿ ರೋಜರ್ ಅವರು ಬುಶೇಶಾರ ಬೆನ್ನು ಹಿಡಿದು ಕತ್ತು ಬಿಗಿದು ಗೆದ್ದದ್ದನ್ನು ಊಹಿಸಲಾರರು.

ಚಿನ್ನದ ಪದಕವಿದ್ದ ಮಾತ್ರಕ್ಕೆ ಫೈನಲ್ ಆಡಲಾಗಿತ್ತು ಎಂದು ಭಾವಿಸಬಾರದು. ಒಂದೇ ತಂಡದ ಇಬ್ಬರು ಫೈನಲ್ ತಲುಪಿದರೆ ಹೋರಾಡದೆ ಪಟ್ಟವನ್ನು ತಮ್ಮೊಳಗೇ ಹಂಚಿಕೊಳ್ಳುವ ರೂಢಿ ಈ ಕ್ರೀಡೆಯಲ್ಲಿದೆ. 2018ರ ವಿಶ್ವ ಕೂಟದಲ್ಲಿ, ತೂಕದ ಮಿತಿಯಿಲ್ಲದ ಮುಕ್ತ ವರ್ಗದಲ್ಲಿ ಗಾಯಗೊಂಡಿದ್ದ ಲಿಯಾಂಡ್ರೊ ಲೊ ಅವರಿಗೆ ಬುಶೇಶಾ ಚಿನ್ನವನ್ನೇ ಬಿಟ್ಟುಕೊಟ್ಟರು. ಬೇರೆ ತಂಡದ ಗೆಳೆಯನಿಗೆ ತೋರಿದ ಆ ಔದಾರ್ಯವನ್ನು ಮೆಚ್ಚೋಣ, ಆದರೆ ದಾಖಲೆಯಲ್ಲಿ ಅದನ್ನು ಪಂದ್ಯದ ಗೆಲುವೆಂದು ಸೇರಿಸಬಾರದು. ಸ್ಥಳೀಯ ಕೂಟಗಳಲ್ಲಿ ಆ ತೂಕಕ್ಕೆ ಎಷ್ಟು ಜನ ಹೆಸರು ಕೊಟ್ಟಿದ್ದರು ಎಂಬುದನ್ನೂ ಕೇಳಿ.

ಇಷ್ಟಾದರೂ ಶಿಕ್ಷಕರ ಸ್ವಂತ ದಾಖಲೆಯಿಂದ ಅವರ ಬೋಧನೆ ತಿಳಿಯದು. ಹೇಳಿಕೊಳ್ಳುವಂಥ ಸ್ಪರ್ಧಾ ಸಾಧನೆ ಇಲ್ಲದ ಜಾನ್ ಡಾನಹರ್ ಅವರ ತರಬೇತಿಯಲ್ಲಿ ಗಾರ್ಡನ್ ರಯಾನ್ ಎಡಿಸಿಸಿ ಚಿನ್ನ ಗೆದ್ದರು. ಆದರೆ ರಯಾನ್‌ಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟವರು ಇನ್ನೊಬ್ಬ ಶಿಕ್ಷಕ ಗ್ಯಾರಿ ಟೋನನ್. ಹೀಗಾಗಿ ಶಿಷ್ಯರ ದಾಖಲೆ ನೋಡುವಾಗ, ಪ್ರತಿಯೊಬ್ಬರೂ ಯಾವ ಬೆಲ್ಟಿನಲ್ಲಿದ್ದಾಗ ಆ ಶಾಲೆಗೆ ಬಂದರು ಎಂಬುದನ್ನು ಹೆಸರಿನ ಪಕ್ಕದಲ್ಲೇ ಬರೆದುಕೊಳ್ಳಿ.