ಸರ್ವರ್‌ಗೊಂದು ಕಾಯಂ ವಿಳಾಸ ಕೊಡುವುದು ಹೇಗೆ?

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನನಗೆ ಪರಿಚಯದ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. ಅಲ್ಲಿ ಹಳೇ ಕಂಪ್ಯೂಟರ್ ಒಂದಕ್ಕೆ ಉಬುಂಟು ಸರ್ವರ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿ ಮೂಲೆಯಲ್ಲಿ ಇಟ್ಟಿದ್ದೇವೆ. ಬಿಲ್ಲಿನ ಲೆಕ್ಕ ಎಲ್ಲಾ ಅದರಲ್ಲೇ. ಒಂದು ದಿನ ಕರೆಂಟ್ ಹೋಗಿ ಬಂದಮೇಲೆ ಯಾವ ಕೌಂಟರಿನಲ್ಲೂ ಬಿಲ್ ಬರಲಿಲ್ಲ. ಸಾಹುಕಾರ್ರು ಫೋನ್ ಮಾಡಿ, "ರೈತರು ಕಾಯ್ಕೊಂಡು ಕೂತಾರೆ, ಬೇಗ ಬಾರಪ್ಪ" ಅಂದರು.

ಆಗಿದ್ದು ಇಷ್ಟೇ. ಸರ್ವರ್‌ಗೆ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಹುಡುಕುವ ಐಪಿ ನಂಬರ್, ಕೊಡುತ್ತಿದ್ದದ್ದು ರೂಟರ್. ಇದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಎರಡೂ ಆಫ್ ಆಗಿ ಆನ್ ಆದಾಗ ರೂಟರ್ ಬೇರೆ ನಂಬರ್ ಕೊಟ್ಟಿತ್ತು, ಕೌಂಟರಿನವು ಮಾತ್ರ ಹಳೇ ನಂಬರನ್ನೇ ಹುಡುಕುತ್ತಿದ್ದವು. ಮೊಬೈಲ್, ಲ್ಯಾಪ್‌ಟಾಪಿಗೆ ಡಿಎಚ್‌ಸಿಪಿ ಸಾಕು. ಸರ್ವರ್‌ಗೆ ಕಾಯಂ ವಿಳಾಸ ಬೇಕು.

ಮೊದಲು ಕೀಬೋರ್ಡ್ ಮುಟ್ಟಬೇಡಿ, ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ. ಕೇಬಲ್ ಚುಚ್ಚಿದ ಕಡೆ ಸಣ್ಣ ಲೈಟ್ ಉರಿಯುತ್ತಿದೆಯಾ? ನಮ್ಮ ಅಂಗಡಿಯಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು, ತೂತಿನ ತುಂಬಾ ಜೋಳದ ದೂಳು. ಕೇಬಲ್ಲೇ ಸಡಿಲ ಇದ್ದರೆ ಫೈಲಿನಲ್ಲಿ ಏನು ಬರೆದರೂ ಪ್ರಯೋಜನ ಇಲ್ಲ, ಅಲ್ವಾ?

ಲೈಟ್ ಸರಿ ಇದ್ದರೆ 'ಐಪಿ ಲಿಂಕ್' ಅಂತ ಕೊಡಿ. (ಇಲ್ಲಿ ಬರೆದಿರುವ ಕಮಾಂಡುಗಳನ್ನೆಲ್ಲಾ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.) ಮೊದಲು ಕಾಣುವ 'ಎಲ್ಓ' ಬಿಟ್ಟುಬಿಡಿ, ಅದು ಯಂತ್ರ ತನ್ನ ಜೊತೆ ತಾನೇ ಮಾತಾಡಿಕೊಳ್ಳುವ ದಾರಿ, 127.0.0.1. ಆಮೇಲೆ 'ಇಎನ್‌ಪಿ3ಎಸ್0' ತರಹದ ಹೆಸರು ಬರುತ್ತದೆ. ಇಎನ್ ಅಂದರೆ ಎಥರ್ನೆಟ್, ಪಿ3 ಅಂದರೆ ಮೂರನೇ ನಂಬರಿನ ಪಿಸಿಐ ಬಸ್, ಎಸ್0 ಅಂದರೆ ಅದರ ಸ್ಲಾಟ್. ಹಿಂದೆ 'ಇಟಿಎಚ್0' ಅಂತ ಸುಲಭವಾಗಿತ್ತು, ಆದರೆ ಎರಡು ಕಾರ್ಡ್ ಇದ್ದರೆ ರೀಸ್ಟಾರ್ಟ್ ಆದಾಗ ಯಾವುದು 0, ಯಾವುದು 1 ಅನ್ನೋದು ಅದಲುಬದಲಾಗುವ ಅಪಾಯ ಇತ್ತು. ನಿಮ್ಮಲ್ಲಿ ಬಂದ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ 'ನೋ ಕ್ಯಾರಿಯರ್' ಅಂತ ಇದ್ದರೆ ಮತ್ತೆ ಕೇಬಲ್ ಕಡೆಗೇ ಹೋಗಿ.

ಇನ್ನು ನಂಬರ್ ಆರಿಸುವುದು. ರೂಟರ್ 192.168.1.1 ಅಂದುಕೊಳ್ಳಿ. ಕೊನೇ ಭಾಗದಲ್ಲಿ ನಮ್ಮ ರೂಟರ್ 100ರಿಂದ 200ರವರೆಗಿನ ನಂಬರುಗಳನ್ನು ತಾನೇ ಹಂಚುತ್ತದೆ, ಅದಕ್ಕೇ ಸರ್ವರ್‌ಗೆ ಅದರ ಹೊರಗಿನ 10 ಕೊಟ್ಟೆವು. ಒಳಗಿನದನ್ನೇ ಕೊಟ್ಟರೆ ಯಾವತ್ತೋ ಒಂದು ದಿನ ಹಮಾಲಿಯ ಮೊಬೈಲಿಗೂ ಸರ್ವರ್‌ಗೂ ಒಂದೇ ವಿಳಾಸ ಆಗಿ ಇಬ್ಬರಿಗೂ ನೆಟ್ ಇರಲ್ಲ.

'ಐಪಿ ಅಡ್ರ್ ಆಡ್' ಅಂತ ಕೊಟ್ಟು ಸೇರಿಸಿದ ವಿಳಾಸ ರೀಸ್ಟಾರ್ಟ್ ಆದರೆ ಹೋಗುತ್ತದೆ. ಕಾಯಂ ಆಗಬೇಕಾದರೆ ಉಬುಂಟುವಿನಲ್ಲಿ ಇಟಿಸಿ ಒಳಗಿನ ನೆಟ್‌ಪ್ಲಾನ್ ಫೋಲ್ಡರಿನಲ್ಲಿರುವ ಫೈಲಿಗೆ ಬರೆಯಬೇಕು. ಹಳೇ ಫೈಲಿನ ಒಂದು ಕಾಪಿ ಬೇರೆ ಕಡೆ ಇಟ್ಟುಕೊಂಡು, ಇದನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲೇ, ಕಾರ್ಡಿನ ಹೆಸರಿನ ಜಾಗದಲ್ಲಿ ಚೀಟಿಯಲ್ಲಿರುವ ಹೆಸರು ಹಾಕಿ, ಹೀಗೆ ಬರೆಯಿರಿ:

ನೆಟ್‌ವರ್ಕ್:
  ವರ್ಷನ್: 2
  ಎಥರ್ನೆಟ್ಸ್:
    ಇಎನ್‌ಪಿ3ಎಸ್0:
      ಡಿಎಚ್‌ಸಿಪಿ4: ಫಾಲ್ಸ್
      ಅಡ್ರೆಸಸ್: [192.168.1.10/24]
      ರೂಟ್ಸ್:
        - ಟು: ಡಿಫಾಲ್ಟ್
          ವಯಾ: 192.168.1.1
      ನೇಮ್‌ಸರ್ವರ್ಸ್:
        ಅಡ್ರೆಸಸ್: [1.1.1.1, 8.8.8.8]

ಸಾಲಿನ ಮುಂದಿನ ಖಾಲಿ ಜಾಗ ಅಲಂಕಾರಕ್ಕಲ್ಲ. ಸ್ಪೇಸ್ ಬಾರಿನಿಂದಲೇ ಬಿಡಬೇಕು, ಟ್ಯಾಬ್ ಒತ್ತಿದರೆ ಒಪ್ಪುವುದಿಲ್ಲ. /24 ಮರೆಯಬೇಡಿ, ಅದು 255.255.255.0 ಅನ್ನೋದನ್ನೇ ಚಿಕ್ಕದಾಗಿ ಬರೆಯುವ ರೀತಿ.

ಈಗ ನನ್ನ ಕತೆ ಕೇಳಿ. ಇದೇ ಸಾಹುಕಾರ್ರ ಇನ್ನೊಂದು ಅಂಗಡಿ ಚಿತ್ರದುರ್ಗದಲ್ಲಿದೆ. ರಾತ್ರಿ ಹತ್ತು ಗಂಟೆಗೆ ಮನೆಯಲ್ಲೇ ಕೂತು, ದೂರದಿಂದಲೇ ಲಾಗಿನ್ ಆಗೋ ಎಸ್ಎಸ್ಎಚ್‌ನಲ್ಲಿ ಅಲ್ಲಿನ ಸರ್ವರ್‌ಗೆ ಹೋಗಿ, ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ರೂಟರ್, ಫೈಲಿನ 'ವಯಾ' ಸಾಲು) ನಂಬರಿನಲ್ಲಿ ಒಂದು ಅಂಕಿ ತಪ್ಪು ಬರೆದು, ಸುಮ್ನೆ 'ನೆಟ್‌ಪ್ಲಾನ್ ಅಪ್ಲೈ' ಒತ್ತಿದೆ. ಸ್ಕ್ರೀನ್ ಅಲ್ಲೇ ನಿಂತಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಬೀಗದ ಕೈ ಬರುವವರೆಗೆ ಶಟರ್ ಮುಂದೆ ಕೂತು, ಒಂದು ಅಂಕಿ ತಿದ್ದಿ, ಮತ್ತೆ ಸುಮಾರು 60 ಕಿಲೋಮೀಟರ್ ವಾಪಸ್ ಬಂದೆ.

ಅದಕ್ಕೇ 'ಸುಡೊ ನೆಟ್‌ಪ್ಲಾನ್ ಟ್ರೈ' ಕೊಡಿ. ಇದು ಹೊಸ ಸೆಟ್ಟಿಂಗ್ ಹಾಕಿ 120 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ನೀವು ಎಂಟರ್ ಒತ್ತದಿದ್ದರೆ ತಾನೇ ಹಳೇದಕ್ಕೆ ಮರಳುತ್ತದೆ. ವಿಳಾಸವನ್ನೇ ಬದಲಿಸಿದಾಗ ದೂರದ ಕನೆಕ್ಷನ್ ಹೇಗೂ ತುಂಡಾಗುತ್ತದೆ, ಎಂಟರ್ ಒತ್ತೋಕೂ ಆಗಲ್ಲ. ಅಂಥ ಕೆಲಸವನ್ನು ಸರ್ವರ್ ಮುಂದೆ ಕೂತೇ ಮಾಡಿ.

ಆಮೇಲೆ ಪಿಂಗ್ ಮಾಡಿ, ಅಂದರೆ ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡಿ. ಮೊದಲು 192.168.1.1, ಆಮೇಲೆ 8.8.8.8, ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರು. ಮೊದಲನೆಯದೇ ಬರದಿದ್ದರೆ ತಪ್ಪು ನಿಮ್ಮ ಅಂಗಡಿಯೊಳಗೇ ಇದೆ. ಎರಡನೆಯದು ಬರದಿದ್ದರೆ 'ವಯಾ' ಸಾಲು ನೋಡಿ, ಅದು ಸರಿ ಇದ್ದರೆ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ. ನಂಬರಿಗೆ ಹೋಗಿ ಹೆಸರಿಗೆ ಹೋಗದಿದ್ದರೆ ತಪ್ಪು ಹೆಸರಿಗೆ ನಂಬರ್ ಹುಡುಕಿಕೊಡುವ ಡಿಎನ್ಎಸ್‌ನದು, ಅಂದರೆ ಫೈಲಿನ ಕೊನೇ ಸಾಲು.

ಫ್ರೀಬಿಎಸ್‌ಡಿ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡವರಿಗೆ ನೆಟ್‌ಪ್ಲಾನ್ ಇಲ್ಲ. ಅಲ್ಲಿ ಹಳೇ 'ಇಫ್‌ಕಾನ್ಫಿಗ್' ಇನ್ನೂ ಚಾಲ್ತಿಯಲ್ಲಿದೆ, ಕಾಯಂ ಸೆಟ್ಟಿಂಗ್ 'ಆರ್‌ಸಿ.ಕಾನ್ಫ್' ಫೈಲಿಗೆ ಹೋಗುತ್ತದೆ.

ಎಲ್ಲಾ ಆದಮೇಲೆ ಒಂದು ಸಲ ರೀಸ್ಟಾರ್ಟ್ ಮಾಡಿ, ವಿಳಾಸ ಹಾಗೇ ಉಳಿದಿದೆಯಾ ನೋಡಿ. ಆ ನಂಬರನ್ನು ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ನಮ್ಮ ಸಾಹುಕಾರ್ರು ರೇಟ್ ಬೋರ್ಡಿನ ಕೆಳಗೇ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಮೊನ್ನೆ ಒಬ್ಬ ಅಜ್ಜ ಅದನ್ನೇ ನೋಡುತ್ತಾ ನಿಂತು, "ಇದ್ಯಾವ ಮಾಲಿನ ರೇಟಪ್ಪಾ?" ಅಂತ ಕೇಳಿದ.