ಪ್ರೋಟೀನ್ ಹೆಚ್ಚಿಸಿದ ಮೇಲೆ ಹೊಟ್ಟೆ ಕೆಟ್ಟರೆ: ಕಾರಣ ಹುಡುಕಿ ಸರಿಪಡಿಸುವ ಕ್ರಮ

ಊಟದಲ್ಲಿ ಪ್ರೋಟೀನ್ ಹೆಚ್ಚಿಸಿದ ಒಂದೆರಡು ವಾರಕ್ಕೆ ಹಲವರ ಹೊಟ್ಟೆ ತಕರಾರು ಶುರು ಮಾಡುತ್ತದೆ. ಒಬ್ಬರಿಗೆ ಮೂರು ದಿನವಾದರೂ ಮಲವಿಸರ್ಜನೆ ಇಲ್ಲ, ಇನ್ನೊಬ್ಬರಿಗೆ ಪ್ರೋಟೀನ್ ಪುಡಿಯ ಶೇಕ್ ಕುಡಿದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರ, ಮತ್ತೊಬ್ಬರಿಗೆ ಪಕ್ಕದಲ್ಲಿ ಯಾರೂ ಕೂರಲಾಗದಂಥ ಗ್ಯಾಸ್. "ನನಗೆ ಪ್ರೋಟೀನ್ ಒಗ್ಗುವುದಿಲ್ಲ" ಎಂದು ಬಿಟ್ಟೇಬಿಡುತ್ತಾರೆ. ಆದರೆ ಆರೋಗ್ಯವಂತರ ಕರುಳು ಬೇಯಿಸಿದ ಮೊಟ್ಟೆ, ಮಾಂಸ, ಹಾಲಿನ ಪ್ರೋಟೀನಿನಲ್ಲಿ ಶೇಕಡಾ 90ರಷ್ಟನ್ನು ಸಲೀಸಾಗಿ ಜೀರ್ಣಿಸಿಕೊಳ್ಳುತ್ತದೆ. ತೊಂದರೆ ಕೊಡುವುದು ಹೆಚ್ಚಾಗಿ ಪ್ರೋಟೀನಿನ ಬೆನ್ನಿಗೆ ಒಳಗೆ ಬಂದ ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಸಿಹಿಕಾರಕ, ಕೊಬ್ಬು. ಅದೂ ಅಲ್ಲದಿದ್ದರೆ, ಪ್ರೋಟೀನಿಗೆ ಜಾಗ ಬಿಟ್ಟುಕೊಟ್ಟು ತಟ್ಟೆಯಿಂದ ಕಾಣೆಯಾದ ನಾರು. ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಪ್ರೋಟೀನ್ ಬಿಡುವ ಪ್ರಸಂಗ ಬಹುತೇಕ ಬರುವುದಿಲ್ಲ.

ಮೊದಲು ಲೆಕ್ಕ ನೋಡಿ

ವಯಸ್ಕರಿಗೆ ದಿನಕ್ಕೆ ಬೇಕಾದ ಕನಿಷ್ಠ ಪ್ರೋಟೀನ್ ದೇಹತೂಕದ ಕಿಲೋಗೆ 0.8 ಗ್ರಾಂ. ನಿಯಮಿತವಾಗಿ ಭಾರ ಎತ್ತುವವರಿಗೆ, ಓಡುವವರಿಗೆ 1.4ರಿಂದ 2 ಗ್ರಾಂ. ಅಂದರೆ 70 ಕಿಲೋ ತೂಕದವರಿಗೆ 98ರಿಂದ 140 ಗ್ರಾಂ ಸಾಕು. ಅದೇ ವ್ಯಕ್ತಿ 200 ಗ್ರಾಂ ತಿನ್ನುತ್ತಿದ್ದರೆ ಸ್ನಾಯುವಿಗೆ ಹೆಚ್ಚಿನ ಲಾಭವೇನೂ ಇಲ್ಲ, ಹೊಟ್ಟೆಗೆ ಹೊರೆ ಮಾತ್ರ. ಅಂಥವರು ಮೊದಲು ಪ್ರಮಾಣ ಇಳಿಸಲಿ, ಉಳಿದದ್ದು ಆಮೇಲೆ.

ಪ್ರಮಾಣ ಸರಿ ಇದ್ದರೂ ಒಂದೇ ಏಟಿಗೆ ಏರಿಸಬಾರದು. ಈಗ ತಿನ್ನುತ್ತಿರುವುದು 60 ಗ್ರಾಂ ಆದರೆ ವಾರಕ್ಕೆ 10ರಿಂದ 15 ಗ್ರಾಂನಂತೆ ಹೆಚ್ಚಿಸಿ. ದಿನದ ಪಾಲನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ, ಹೊತ್ತಿಗೆ 20ರಿಂದ 40 ಗ್ರಾಂ ಬರುವಂತೆ ನೋಡಿಕೊಳ್ಳಿ. ಹಗಲೆಲ್ಲ ಅರೆಹೊಟ್ಟೆಯಲ್ಲಿದ್ದು ರಾತ್ರಿ ಒಟ್ಟಿಗೆ 90 ಗ್ರಾಂ ತಿಂದರೆ ಜಠರ ಖಾಲಿಯಾಗಲು ತುಂಬ ಹೊತ್ತು ಹಿಡಿಯುತ್ತದೆ. ರಾತ್ರಿಯ ಭಾರ, ತೇಗು, ನಿದ್ದೆಗೇಡು ಅದರ ಫಲ.

ಇದರ ಜೊತೆಗೆ ಐದು ದಿನ ಬರೆದಿಡಿ: ಎಷ್ಟು ಹೊತ್ತಿಗೆ ಏನು ತಿಂದಿರಿ, ಎಷ್ಟು, ಅದರಲ್ಲಿ ನಾರು ಎಷ್ಟು, ಎಷ್ಟು ಹೊತ್ತಾದ ಮೇಲೆ ಏನು ಕಾಣಿಸಿಕೊಂಡಿತು. ಈ ಕೊನೆಯ ಅಂಕಣವೇ ಮುಖ್ಯ. ತಿಂದ ಕೆಲವೇ ನಿಮಿಷದಲ್ಲಿ ಬರುವ ತೇಗು, ಬಿಗಿತಕ್ಕೆ ಗಾಳಿ ನುಂಗಿದ್ದು ಅಥವಾ ಗಬಗಬನೆ ತಿಂದದ್ದು ಕಾರಣ. ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟಿ ನೀರುನೀರಾಗಿ ಭೇದಿಯಾದರೆ ಲ್ಯಾಕ್ಟೋಸ್ ಮೇಲೆ ಅನುಮಾನ ಪಡಿ. ಮಧ್ಯಾಹ್ನ ತಿಂದದ್ದಕ್ಕೆ ಸಂಜೆ ಹೊಟ್ಟೆ ಉಬ್ಬಿದರೆ ಕಾಳಿನದ್ದೋ ಸೇರಿಸಿದ ನಾರಿನದ್ದೋ ಕೆಲಸ. ಕಾರಣ ಗೊತ್ತಾದಂತೆ ಅನಿಸಿದ ಮೇಲೂ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ನಾಲ್ಕೈದು ದಿನ ಕಾಯಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಮಲಬದ್ಧತೆ

ಬೇಯಿಸಿದ 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ ಸುಮಾರು 31 ಗ್ರಾಂ ಪ್ರೋಟೀನ್ ಇದೆ, ನಾರು ಸೊನ್ನೆ. ಮೊಟ್ಟೆ, ಮೀನು, ಹಾಲಿನಲ್ಲೂ ನಾರಿಲ್ಲ. ಬೆಳಗಿನ ಓಟ್ಸ್ ಹೋಗಿ ನಾಲ್ಕು ಮೊಟ್ಟೆ ಬಂತು, ಸಂಜೆಯ ಹಣ್ಣು ಹೋಗಿ ಶೇಕ್ ಬಂತು ಎಂದರೆ ದಿನದ ನಾರು 10 ಗ್ರಾಂ ಆಸುಪಾಸಿಗೆ ಇಳಿದುಬಿಡುತ್ತದೆ. ಬೇಕಾದದ್ದು ಪ್ರತಿ 1000 ಕ್ಯಾಲೊರಿಗೆ 14 ಗ್ರಾಂ, ಅಂದರೆ ಬಹುತೇಕ ವಯಸ್ಕರಿಗೆ ದಿನಕ್ಕೆ 25ರಿಂದ 38 ಗ್ರಾಂ.

ಕೊರತೆಯನ್ನು ವಾರಕ್ಕೆ 5 ಗ್ರಾಂನಂತೆ ತುಂಬಿಸುತ್ತ ಹೋಗಿ. 40 ಗ್ರಾಂ ಓಟ್ಸ್‌ನಲ್ಲಿ ಸುಮಾರು 4 ಗ್ರಾಂ ನಾರು ಇದೆ, ಸಿಪ್ಪೆ ಸಹಿತ ಒಂದು ಸೇಬಿನಲ್ಲಿ 4, ಒಂದು ಪೇರ್ ಹಣ್ಣಿನಲ್ಲಿ 5, ಒಂದು ಟೇಬಲ್ ಚಮಚ ಚಿಯಾ ಬೀಜದಲ್ಲಿ 4. ಬೇಯಿಸಿದ 100 ಗ್ರಾಂ ಮಸೂರ್ ಕಾಳಿನಲ್ಲಿ 8 ಗ್ರಾಂ ನಾರು, ಜೊತೆಗೆ 9 ಗ್ರಾಂ ಪ್ರೋಟೀನೂ ಸಿಗುತ್ತದೆ. ಹೆಚ್ಚು ಪ್ರೋಟೀನ್ ಬೇಕೆನ್ನುವವರಿಗೆ ಇದರಷ್ಟು ಅನುಕೂಲದ ಅದಲುಬದಲು ಇನ್ನೊಂದಿಲ್ಲ: ದಿನದ ಒಂದು ಹೊತ್ತಿನ ಮಾಂಸದಲ್ಲಿ ಅರ್ಧ ತೆಗೆದು ಕಾಳು ಹಾಕಿಕೊಳ್ಳಿ.

ಆಹಾರದಿಂದ ಸಾಲದಿದ್ದರೆ ಇಸಬ್ಗೋಲ್ ಹೊಟ್ಟು. ಒಂದು ಟೀ ಚಮಚವನ್ನು ದೊಡ್ಡ ಲೋಟ, ಅಂದರೆ 240 ಮಿ.ಲೀ. ನೀರಿಗೆ ಹಾಕಿ ಕಲಕಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ, ಮೇಲೆ ಇನ್ನರ್ಧ ಲೋಟ ನೀರು. ಒಣಪುಡಿಯನ್ನು ಬಾಯಿಗೆ ಹಾಕಿಕೊಂಡು ಗುಟುಕು ನೀರಿನಲ್ಲಿ ನುಂಗಬೇಡಿ, ಗಂಟಲಲ್ಲಿ ಉಬ್ಬಿ ಉಸಿರು ಕಟ್ಟೀತು. ನುಂಗಲು ತೊಂದರೆ ಇರುವವರು ಇದರ ಗೊಡವೆಗೇ ಹೋಗಬಾರದು. ಔಷಧಿ ತೆಗೆದುಕೊಳ್ಳುವವರು ಎರಡು ಗಂಟೆ ಅಂತರ ಇಡಬೇಕು. ಪರಿಣಾಮ ಕಾಣಲು ಎರಡು ಮೂರು ದಿನ ಬೇಕು, ಮರುದಿನವೇ ಪ್ರಮಾಣ ದುಪ್ಪಟ್ಟು ಮಾಡುವ ಆತುರ ಬೇಡ. ದಿನಕ್ಕೆ ಎರಡು ಕಿವಿ ಹಣ್ಣು ಅಥವಾ 100 ಗ್ರಾಂ ಒಣ ಪ್ರೂನ್ (ಒಣಗಿಸಿದ ಪ್ಲಮ್ ಹಣ್ಣು) ಕೂಡ ಚೆನ್ನಾಗಿ ಕೆಲಸ ಮಾಡುತ್ತವೆ. ಪ್ರೂನ್‌ನಲ್ಲಿ ಸಾರ್ಬಿಟಾಲ್ ಎಂಬ ಕರುಳು ಪೂರ್ತಿ ಹೀರಲಾಗದ ಸಿಹಿ ಇರುವುದರಿಂದ ಗ್ಯಾಸ್ ಕಾಟ ಇರುವವರಿಗೆ ಕಿವಿ ಹಣ್ಣೇ ವಾಸಿ.

ಪ್ರೋಟೀನ್ ಒಡೆದಾಗ ಹುಟ್ಟುವ ಯೂರಿಯಾವನ್ನು ಹೊರಹಾಕಲು ಮೂತ್ರಪಿಂಡಕ್ಕೆ ನೀರು ಬೇಕು, ಹೊಟ್ಟೆ ಸೇರಿದ ನಾರು ಮೆತ್ತಗಾಗಲೂ ಬೇಕು. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿದರೆ ಸಾಕು. ನಾರು ತಿನ್ನದೆ ಬರೀ ನೀರು ಕುಡಿದು ಮಲಬದ್ಧತೆ ಕಳೆಯಲಾಗದು.

ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಶೌಚಕ್ಕೆ ಹೋಗುವ ರೂಢಿ ಮಾಡಿಕೊಳ್ಳಿ. ಕಮೋಡ್ ಬಳಸುವವರು ಕಾಲ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಮಣೆ ಇಟ್ಟುಕೊಂಡರೆ ತಿಣುಕುವುದು ತಪ್ಪುತ್ತದೆ. ಪ್ರೋಟೀನ್ ಜೊತೆಗೇ ಕಬ್ಬಿಣದ ಮಾತ್ರೆಯೋ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯೋ ಶುರುವಾಗಿತ್ತೇ ಎಂದೂ ನೋಡಿಕೊಳ್ಳಿ. ಎರಡೂ ಹೊಟ್ಟೆ ಕಟ್ಟಿಸುತ್ತವೆ, ಬೈಗುಳ ಮಾತ್ರ ಪ್ರೋಟೀನಿಗೆ ಬೀಳುತ್ತದೆ.

ಶೇಕ್ ಕುಡಿದ ಮೇಲೆ ಉಬ್ಬರ, ಭೇದಿ

ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ಮಾಡುವ ವೇ ಕಾನ್ಸಂಟ್ರೇಟ್ ಪುಡಿಯಲ್ಲಿ ಲ್ಯಾಕ್ಟೋಸ್ ಸಾಮಾನ್ಯವಾಗಿ ಶೇಕಡಾ 4ರಿಂದ 8. ಡಬ್ಬದ ಅಳತೆ ಚಮಚವಾದ 30 ಗ್ರಾಂ ಸ್ಕೂಪ್‌ನಲ್ಲಿ ಹೆಚ್ಚೆಂದರೆ ಎರಡೂವರೆ ಗ್ರಾಂ. ಒಂದು ಲೋಟ, 240 ಮಿ.ಲೀ. ಹಾಲಿನಲ್ಲಿ 12 ಗ್ರಾಂ! ಲ್ಯಾಕ್ಟೋಸ್ ಒಗ್ಗದ ವಯಸ್ಕರಲ್ಲೂ ಬಹಳ ಜನ ಊಟದ ಜೊತೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ 400 ಮಿ.ಲೀ. ಹಾಲಿಗೆ ಎರಡು ಸ್ಕೂಪ್ ಕಲಸಿದರೆ ಒಟ್ಟು 25 ಗ್ರಾಂ ಹತ್ತಿರ ಹೋಗುತ್ತದೆ, ಅದರಲ್ಲಿ 20 ಗ್ರಾಂ ಹಾಲಿನದ್ದೇ. ಪುಡಿ ಕೆಟ್ಟದೆಂದು ಡಬ್ಬ ಎಸೆಯುವ ಮೊದಲು ಈ ಲೆಕ್ಕ ಮಾಡಿ.

ಪರೀಕ್ಷೆಯ ಕ್ರಮ ಹೀಗೆ. ಅದೇ ಪುಡಿಯನ್ನು ನಾಲ್ಕು ದಿನ ನೀರಿನಲ್ಲಿ ಕಲಸಿ, ಒಂದೇ ಸ್ಕೂಪ್, ಏನಾದರೂ ತಿಂದಾದ ಮೇಲೆ ಕುಡಿಯಿರಿ. ಹೊಟ್ಟೆ ಸುಮ್ಮನಿದ್ದರೆ ತಪ್ಪು ಹಾಲಿನದು. ಲ್ಯಾಕ್ಟೋಸ್ ತೆಗೆದ ಹಾಲು ಬಳಸಿ, ಅದರಲ್ಲಿ ಪ್ರೋಟೀನ್ ಕಡಿಮೆ ಆಗಿರುವುದಿಲ್ಲ. ನೀರಿನಲ್ಲೂ ತೊಂದರೆಯಾದರೆ ಇನ್ನಷ್ಟು ಶುದ್ಧೀಕರಿಸಿದ ವೇ ಐಸೊಲೇಟ್‌ಗೆ ಬದಲಿಸಿ, ಅದರಲ್ಲಿ ಲ್ಯಾಕ್ಟೋಸ್ ಶೇಕಡಾ 1ರ ಸುತ್ತಮುತ್ತ. ಅದೂ ಆಗಲಿಲ್ಲವೆಂದರೆ ಲ್ಯಾಕ್ಟೋಸ್ ಅಪರಾಧಿಯಲ್ಲ, ಸಿಹಿಕಾರಕ ಅಥವಾ ಗಟ್ಟಿಗೊಳಿಸಲು ಹಾಕುವ ಗೌರ್ ಗಮ್, ಜಾಂಥನ್ ಗಮ್ ಇರಬೇಕು. ರುಚಿ, ಬಣ್ಣ, ಸಿಹಿ ಯಾವುದೂ ಇಲ್ಲದ ಸಾದಾ ಪುಡಿ ಅಥವಾ ಬಟಾಣಿ, ಅಕ್ಕಿ, ಮೊಟ್ಟೆಬಿಳಿಯ ಪುಡಿ ನೋಡಿ. ವೇ ಪುಡಿ ಕುಡಿದೊಡನೆ ಮೈಮೇಲೆ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ ಆದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ. ಆಗ ಐಸೊಲೇಟೂ ಅಪಾಯವೇ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕುಡಿಯುವ ಬಗೆಯಲ್ಲೂ ತಪ್ಪುಗಳಾಗುತ್ತವೆ. ಶೇಕರ್‌ನಲ್ಲಿ ಜೋರಾಗಿ ಕುಲುಕಿದಾಗ ಮೇಲೆ ಎರಡು ಬೆರಳು ದಪ್ಪ ನೊರೆ ನಿಲ್ಲುತ್ತದೆ. ಅದನ್ನು ಹಾಗೇ ಗಟಗಟನೆ ಕುಡಿದರೆ ಅಷ್ಟೂ ಗಾಳಿ ಹೊಟ್ಟೆಗೆ. ಮೊದಲು ನೀರು ಹಾಕಿ, ಆಮೇಲೆ ಪುಡಿ, ಕುಲುಕಿ ಹತ್ತು ನಿಮಿಷ ಇಡಿ, ನೊರೆ ಇಳಿದ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ಕಲಸಿದ ಶೇಕ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಶೇಕರ್ ಮುಚ್ಚಳದ ರಬ್ಬರ್ ಉಂಗುರವನ್ನು ಬಿಚ್ಚಿ ನೋಡಿ: ಅದರಡಿ ಹಳದಿ ಪಾಚಿಯಂತೆ ಅಂಟಿರುವುದು ಹಳೆಯ ಹಾಲಿನಂಶ. ಎಷ್ಟೋ ಜನರ 'ಅಜೀರ್ಣ'ದ ಮೂಲ ಅಲ್ಲೇ ಇರುತ್ತದೆ. ಪ್ರತಿ ಬಾರಿ ಉಂಗುರ ತೆಗೆದು ಬಿಸಿನೀರು, ಸಾಬೂನಿನಲ್ಲಿ ತೊಳೆದು ಒಣಗಿಸಿ.

ಪ್ರೋಟೀನ್ ಬಾರ್‌ಗಳ ವಿಷಯದಲ್ಲಿ ಲೇಬಲ್ ಓದದೆ ಬಾಯಿಗಿಡಬೇಡಿ. ಮಾಲ್ಟಿಟಾಲ್, ಸಾರ್ಬಿಟಾಲ್, ಜೈಲಿಟಾಲ್ ಎಂಬ ಹೆಸರು ಕಂಡರೆ ಅವು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲಾಗದ ಸಿಹಿಗಳು. ದೊಡ್ಡ ಕರುಳಿಗೆ ಹೋಗಿ ನೀರನ್ನೂ ಎಳೆದು, ಹುದುಗಿ, ಗ್ಯಾಸನ್ನೂ ಎಬ್ಬಿಸುತ್ತವೆ. ಎರಿಥ್ರಿಟಾಲ್ ಬಹುಪಾಲು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುವುದರಿಂದ ಹೊಟ್ಟೆಗೆ ಅಷ್ಟು ಉಪದ್ರವ ಕೊಡುವುದಿಲ್ಲ. ಇನುಲಿನ್ ಅಥವಾ ಚಿಕೋರಿ ಬೇರಿನ ನಾರು ಎಂದು ಬರೆದಿದ್ದರೂ ಎಚ್ಚರ. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಲೇ 10 ಗ್ರಾಂ ಹೋದರೆ ಉಬ್ಬರ ಖಚಿತ ಎಂದೇ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಬಾರ್‌ನಿಂದ ಶುರು ಮಾಡಿ.

ಕಾಳುಗಳಿಂದ ಗ್ಯಾಸ್

ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿಲ್ಲ. ಅವು ನೇರ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ಈ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ, ಉಪಾಯವೂ ಅಲ್ಲೇ ಇದೆ. ಕಾಳನ್ನು ನಾಲ್ಕು ಪಟ್ಟು ನೀರಿನಲ್ಲಿ 8ರಿಂದ 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ನೆನೆದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಎರಡು ಬೆರಳ ನಡುವೆ ಒತ್ತಿದರೆ ಒಳಗೆ ಹರಳು ಉಳಿಯದೆ ನುಣ್ಣಗಾಗಬೇಕು. ಡಬ್ಬದ ಕಾಳಾದರೆ ದ್ರವ ಬಸಿದು ತೊಳೆಯಿರಿ. ಸಿಪ್ಪೆ ತೆಗೆದ ಬೇಳೆ ಇಡೀ ಕಡಲೆ, ರಾಜ್ಮಾಗಿಂತ ಹಗುರ, ಅದರಿಂದಲೇ ಆರಂಭಿಸಿ: ಬೇಯಿಸಿದ್ದು ದಿನಕ್ಕೆ ಮೂರು ನಾಲ್ಕು ಟೇಬಲ್ ಚಮಚ, ಒಂದು ವಾರವಾದ ಮೇಲೆ ದುಪ್ಪಟ್ಟು. ಹಲವರ ಕರುಳು ಎರಡರಿಂದ ನಾಲ್ಕು ವಾರದಲ್ಲಿ ಹೊಂದಿಕೊಳ್ಳುತ್ತದೆ. ಹೊರಗೆ ತಿನ್ನಬೇಕಾದ ದಿನ ಈ ಸಕ್ಕರೆಗಳನ್ನು ಒಡೆಯುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಕಿಣ್ವದ ಮಾತ್ರೆಯನ್ನು ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಬಹುದು. ಊಟ ಮುಗಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ.

ರಾಜ್ಮಾ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ ಭೇದಿ ತರಿಸುತ್ತದೆ. ನೆನೆಸಿ, ನೀರು ಚೆಲ್ಲಿ, ಕುದಿಯುವ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ಕುದಿಸಲೇಬೇಕು. ಸಣ್ಣ ಉರಿಯ ಸ್ಲೋ ಕುಕ್ಕರ್‌ನಲ್ಲಿ ಹಸಿ ರಾಜ್ಮಾ ಹಾಕಿಡುವುದು ಬೇಡವೇ ಬೇಡ.

ದುರ್ವಾಸನೆ ಮತ್ತು ಎದೆಯುರಿ

ಗ್ಯಾಸ್ ಪ್ರಮಾಣ ಹೆಚ್ಚಿಲ್ಲ, ವಾಸನೆ ಮಾತ್ರ ಕೊಳೆತ ಮೊಟ್ಟೆಯಂತಿದ್ದರೆ ಪ್ರೋಟೀನಿನ ಘಟಕಗಳಾದ, ಗಂಧಕದ ಅಂಶವಿರುವ ಅಮೈನೋ ಆಮ್ಲಗಳು ದೊಡ್ಡ ಕರುಳಿನವರೆಗೆ ಹೋಗಿ ಹೈಡ್ರೋಜನ್ ಸಲ್ಫೈಡ್ ಆಗುತ್ತಿವೆ. ಹೊತ್ತಿನ ಪ್ರಮಾಣ ಇಳಿಸಿ, ಚೆನ್ನಾಗಿ ಅಗಿಯಿರಿ, ತರಕಾರಿ ಸೇರಿಸಿ. ಹಸಿ ಮೊಟ್ಟೆ ಕುಡಿಯುವುದನ್ನು ನಿಲ್ಲಿಸಿ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇಕಡಾ 90ರಷ್ಟು ಜೀರ್ಣವಾದರೆ ಹಸಿಯದ್ದು 50ರಷ್ಟು ಮಾತ್ರ, ಉಳಿದದ್ದು ಕರುಳಿನಲ್ಲಿ ಕೊಳೆಯುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

ಎದೆಯುರಿ, ಹುಳಿತೇಗಿಗೆ ಕೊಬ್ಬಿನ ಮಾಂಸ, ಕರಿದದ್ದು, ಕಡಲೆಕಾಯಿ ಬೆಣ್ಣೆ ಸುರಿದ ದಪ್ಪ ಶೇಕ್ ಮುಖ್ಯ ಕಾರಣ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಎಡಮಗ್ಗುಲಿಗೆ ಮಲಗಿ, ಮಂಚದ ತಲೆಕಡೆಯ ಕಾಲುಗಳನ್ನು 15ರಿಂದ 20 ಸೆಂ.ಮೀ. ಎತ್ತರಿಸಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಇನ್ನಷ್ಟು ಒತ್ತಡ.

ಪ್ರೋಟೀನ್ ಜೀರ್ಣಿಸುತ್ತವೆಂದು ಮಾರುವ ಪಪೈನ್, ಬ್ರೋಮಲೈನ್ ಮಾತ್ರೆಗಳಿಗೆ ದುಡ್ಡು ಹಾಕಬೇಡಿ. ಮೇದೋಜೀರಕ ಗ್ರಂಥಿ ಸರಿಯಿರುವವರಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳಿಗೆ ಬರವಿಲ್ಲ.

ಯಾವಾಗ ವೈದ್ಯರ ಬಳಿ ಹೋಗಬೇಕು

ಮಲದಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ಪ್ರಯತ್ನವಿಲ್ಲದೆ ತೂಕ ಇಳಿಕೆ, ನಿದ್ದೆಯಿಂದ ಎಬ್ಬಿಸುವ ಭೇದಿ, ನಿಲ್ಲದ ವಾಂತಿ, ಜ್ವರ, ನುಂಗುವಾಗ ಆಹಾರ ಸಿಕ್ಕಿಕೊಳ್ಳುವುದು ಇವುಗಳಲ್ಲಿ ಒಂದಿದ್ದರೂ ಮನೆಯ ಪ್ರಯೋಗ ನಿಲ್ಲಿಸಿ. ಮೇಲಿನ ಕ್ರಮಗಳನ್ನು ಮೂರು ವಾರ ಪಾಲಿಸಿಯೂ ಬದಲಾವಣೆ ಇಲ್ಲದಿದ್ದರೆ, ಅಥವಾ ವಯಸ್ಸು 45 ದಾಟಿದ ಮೇಲೆ ಶೌಚದ ರೂಢಿ ದಿಢೀರನೆ ಬದಲಾದರೆ ತೋರಿಸಿಕೊಳ್ಳಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಲೇಬಾರದು. ತೂಕ ಇಳಿಸಲು ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುವವರ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಅವರಿಗೆ ಹೊತ್ತಿಗೆ 15ರಿಂದ 20 ಗ್ರಾಂನ ಸಣ್ಣ ಊಟಗಳೇ ಹಿಡಿಸುತ್ತವೆ.

ಗೋಧಿಯ ಗ್ಲುಟೆನ್‌ನಿಂದ ಮಾಡಿದ ಮಾಂಸದ ಬದಲಿ ತಿಂದಾಗಲೆಲ್ಲ ಹೊಟ್ಟೆ ಕೆಡುತ್ತಿದ್ದರೆ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಿ. ಆದರೆ ಅದಕ್ಕೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು.