ಅಲೆ ಮುನ್ಸೂಚನೆಯ ತಪ್ಪು ತಿದ್ದಲು ನ್ಯೂರಲ್ ನೆಟ್‌ವರ್ಕ್: ಕಾರವಾರದ ಕಡಲಿಗೆ ಹೊಂದಿಸುವ ಬಗೆ

ಅಲೆಯ ಎತ್ತರವನ್ನು ಸೊನ್ನೆಯಿಂದ ಊಹಿಸುವ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲ) ಕಟ್ಟಲು ಹೋಗಬೇಡಿ. ದಕ್ಷಿಣ ಸಾಗರದಲ್ಲಿ ಎದ್ದು ಸಾವಿರಾರು ಕಿಲೋಮೀಟರ್ ದಾಟಿ ಬರುವ ಉಬ್ಬಲೆಯನ್ನು ವೇವ್‌ವಾಚ್ 3ರಂಥ ಭೌತಿಕ ಮಾದರಿ (ಭೌತಶಾಸ್ತ್ರದ ಸಮೀಕರಣಗಳ ಮೇಲೆ ನಡೆಯುವ ಕಂಪ್ಯೂಟರ್ ಲೆಕ್ಕಾಚಾರ) ಈಗಾಗಲೇ ಲೆಕ್ಕ ಹಾಕುತ್ತದೆ. ಅದು ಎಡವುವುದು ಕರಾವಳಿಯ ಹತ್ತಿರ: ಮಧ್ಯಾಹ್ನದ ಕಡಲಗಾಳಿಯಾಗಲಿ, ಆಳ ಕಡಿಮೆಯಾಗುತ್ತ ಬರುವ ತಳವಾಗಲಿ ಕಡಲನ್ನು ದೊಡ್ಡ ಚೌಕಗಳಾಗಿ ಹಂಚುವ ಅದರ ಒರಟು ಗ್ರಿಡ್‌ಗೆ ಸರಿಯಾಗಿ ಕಾಣುವುದಿಲ್ಲ. ಆ ತಪ್ಪನ್ನಷ್ಟೇ ನೆಟ್‌ವರ್ಕ್‌ಗೆ ಕಲಿಸಿ. ಗುರಿ: ಬೋಯ್ (ಕಡಲಲ್ಲಿ ತೇಲುತ್ತ ಅಲೆ ಅಳೆಯುವ ಉಪಕರಣ) ಅಳೆದ ಎತ್ತರದಿಂದ ಮಾದರಿ ಹೇಳಿದ ಎತ್ತರವನ್ನು ಕಳೆದರೆ ಉಳಿಯುವ ಸಂಖ್ಯೆ.

ಅಳತೆಗೆ ಕಾರವಾರದ ಬಳಿ ಇನ್ಕಾಯ್ಸ್ (ಭಾರತದ ಸಾಗರ ಮಾಹಿತಿ ಸೇವಾ ಕೇಂದ್ರ) ಇಟ್ಟಿರುವ ವೇವ್‌ರೈಡರ್ ಬೋಯ್ ಇದೆ. ಮಾದರಿಯ ಕಡೆಯಿಂದ ಬೇಕಾದದ್ದು ಹಳೆಯ ಮುನ್ಸೂಚನೆಗಳ ಸಂಗ್ರಹ. ಸುಲಭವಾಗಿ ಸಿಗುತ್ತದೆಂದು ಇಆರ್‌ಎ5 ಮರುವಿಶ್ಲೇಷಣೆಯ (ಹಿಂದಿನ ಹವಾಮಾನವನ್ನು ಅಳತೆಗಳ ನೆರವಿನಿಂದ ಮತ್ತೆ ಲೆಕ್ಕ ಹಾಕಿದ ದಾಖಲೆ) ಮೇಲೆ ಕಲಿಸಿದರೆ ನೆಟ್‌ವರ್ಕ್ ಇಆರ್‌ಎ5ರ ತಪ್ಪನ್ನು ಕಲಿಯುತ್ತದೆ. 48 ಗಂಟೆ ಮುಂದಿನ ಮುನ್ಸೂಚನೆಯ ತಪ್ಪು ಬೇರೆಯೇ.

ಹೆಚ್ಚಿನವರು ಕೈಸುಟ್ಟುಕೊಳ್ಳುವುದು ವೇಳೆಯಲ್ಲಿ. ಮಾದರಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಕಾಲದಲ್ಲಿ, ನಡೆಯುತ್ತದೆ. ಬೋಯ್ ಕಡತ ಭಾರತೀಯ ಕಾಲಮಾನದಲ್ಲಿರಬಹುದು. ಯುಟಿಸಿ 09:00 ಅಂದರೆ ನಮ್ಮ ಮಧ್ಯಾಹ್ನ 2:30, ಕಡಲಗಾಳಿ ಬೀಸುವ ಹೊತ್ತು. ಐದೂವರೆ ಗಂಟೆ ಜಾರಿದರೆ ನೆಟ್‌ವರ್ಕ್ ಆ ಗಾಳಿಯ ಅಲೆಯನ್ನು ತಪ್ಪು ಹೊತ್ತಿಗೆ ಸೇರಿಸುತ್ತದೆ. ಸರಾಸರಿ ಅಂಕಿ ನೋಡಿದರೆ ಇದು ಗೊತ್ತಾಗದು. ಏಪ್ರಿಲ್‌ನ ಒಂದು ವಾರವನ್ನು ಗ್ರಾಫ್‌ನಲ್ಲಿ ಎಳೆದು ಕಣ್ಣಾರೆ ನೋಡಿ. ಬೋಯ್ ದಾಖಲೆಯಲ್ಲಿ ಗಂಟೆಗಟ್ಟಲೆ ಅಲುಗದ ಒಂದೇ ಅಂಕಿ, ಒಂಟಿ ಜಿಗಿತ, ಲಂಗರು ಕಿತ್ತು ತೇಲಿಹೋದ ದಿನಗಳು ಇದ್ದರೆ ತೆಗೆದುಹಾಕಿ. ಹತ್ತಿರದ ಗ್ರಿಡ್ ಚೌಕ ನೆಲವಾಗಿದ್ದರೆ ಪಕ್ಕದ ನೀರಿನ ಚೌಕ ಹಿಡಿಯಿರಿ.

ಒಳಹರಿವಾಗಿ ಮಾದರಿಯ ಅಲೆ ಎತ್ತರ, ಶೃಂಗ ಅವಧಿ (ಅತಿ ಹೆಚ್ಚು ಶಕ್ತಿಯ ಅಲೆಗಳ ಅವಧಿ), ದಿಕ್ಕು, 10 ಮೀಟರ್ ಎತ್ತರದ ಗಾಳಿಯ ಎರಡು ಘಟಕಗಳು, ಮುನ್ಸೂಚನೆ ಎಷ್ಟು ಗಂಟೆ ಮುಂದಿನದು ಎಂಬುದು, ದಿನದ ಗಂಟೆ, ವರ್ಷದ ದಿನ ಸಾಕು. ದಿಕ್ಕು, ಗಂಟೆ, ದಿನ ಮೂರನ್ನೂ ಸೈನ್-ಕೊಸೈನ್ ಜೋಡಿಯಾಗಿ ಕೊಡಿ. ಇಲ್ಲವಾದರೆ 359 ಡಿಗ್ರಿಯೂ 1 ಡಿಗ್ರಿಯೂ ಅಜಗಜಾಂತರವಾಗಿ ಕಾಣುತ್ತವೆ. ಬೋಯ್‌ನ ಇತ್ತೀಚಿನ ತಪ್ಪನ್ನೂ ಸೇರಿಸಬಹುದು, ಆದರೆ ಮುನ್ಸೂಚನೆ ಹೊರಡುವ ಹೊತ್ತಿಗೆ ಕೈಯಲ್ಲಿರುವ ಅಳತೆಯನ್ನು ಮಾತ್ರ.

ನೆಟ್‌ವರ್ಕ್ ಚಿಕ್ಕದಿರಲಿ: 64 ಮತ್ತು 32 ನ್ಯೂರಾನ್‌ಗಳ ಎರಡು ಪದರ, ರೆಲು (ಋಣ ಸಂಖ್ಯೆಯನ್ನು ಸೊನ್ನೆ ಮಾಡುವ ಕ್ರಿಯೆ), 0.1 ಡ್ರಾಪ್‌ಔಟ್ (ಕಲಿಯುವಾಗ ಹತ್ತರಲ್ಲೊಂದು ನ್ಯೂರಾನ್ ಅನ್ನು ಯಾದೃಚ್ಛಿಕವಾಗಿ ಮುಚ್ಚುವುದು), ಆಡಮ್ (ನೆಟ್‌ವರ್ಕ್‌ನ ತೂಕಗಳನ್ನು ತಿದ್ದುವ ವಿಧಾನ), ಕಲಿಕೆಯ ದರ 0.001, ಬ್ಯಾಚ್ (ಒಮ್ಮೆಗೆ ಕೊಡುವ ಉದಾಹರಣೆಗಳು) 256. ಪರಿಶೀಲನೆಯ ನಷ್ಟ (ಕಲಿಕೆಗೆ ಬಳಸದೆ ಎತ್ತಿಟ್ಟ ದತ್ತಾಂಶದ ಮೇಲಿನ ತಪ್ಪು) 10 ಸುತ್ತು ಇಳಿಯದಿದ್ದರೆ ನಿಲ್ಲಿಸಿ. ಇದಕ್ಕೆ ಜಿಪಿಯು ಹುಡುಕಬೇಕಿಲ್ಲ. ದತ್ತಾಂಶವನ್ನು ಕಲಸಿ ಕಲಿಕೆಗೂ ಪರೀಕ್ಷೆಗೂ ಹಂಚಬೇಡಿ. ಅಕ್ಕಪಕ್ಕದ ಗಂಟೆಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಪರೀಕ್ಷೆಗೆ ಒಂದು ಇಡೀ ವರ್ಷವನ್ನೇ ಎತ್ತಿಡಿ. ಒಳಹರಿವುಗಳನ್ನು ಒಂದೇ ಅಳತೆಗೆ ತರಲು ಬಳಸುವ ಸರಾಸರಿ, ಪ್ರಮಾಣ ವಿಚಲನೆ ಎರಡೂ ಕಲಿಕೆಯ ವರ್ಷಗಳಿಂದಲೇ ಬರಬೇಕು.

ಮೊದಲು ನೇರರೇಖೆಯ ತಿದ್ದುಪಡಿಯೊಂದನ್ನು ಓಡಿಸಿ. ಅದನ್ನು ಮೀರದ ನೆಟ್‌ವರ್ಕ್ ಇಟ್ಟುಕೊಂಡು ಪ್ರಯೋಜನವಿಲ್ಲ. ಪಕ್ಷಪಾತ ದೋಷ (ಒಂದೇ ಕಡೆಗೆ ವಾಲುವ ಸರಾಸರಿ ತಪ್ಪು), ಆರ್‌ಎಂಎಸ್‌ಇ (ತಪ್ಪುಗಳ ವರ್ಗಗಳ ಸರಾಸರಿಯ ವರ್ಗಮೂಲ) ಎರಡನ್ನೂ ಜೂನ್–ಸೆಪ್ಟೆಂಬರ್ ಬೇರೆ, ಉಳಿದ ತಿಂಗಳು ಬೇರೆ, 2.5 ಮೀಟರ್ ದಾಟಿದ ಅಲೆಗಳಿಗೆ ಬೇರೆ ಎಂದು ನೋಡಿ. ತಪ್ಪಿನ ವರ್ಗವನ್ನು (ಸ್ಕ್ವೇರ್) ಕುಗ್ಗಿಸುವ ನೆಟ್‌ವರ್ಕ್ ದೊಡ್ಡ ಅಲೆಯನ್ನು ತಗ್ಗಿಸಿ ಹೇಳುತ್ತದೆ; ಮೀನುಗಾರರಿಗೆ ಅಪಾಯ ಇರುವುದೂ ಅಲ್ಲೇ. ಎತ್ತರದ ಅಲೆಗಳಿಗೆ ನಷ್ಟದಲ್ಲಿ ಎರಡು-ಮೂರು ಪಟ್ಟು ತೂಕ ಕೊಟ್ಟು ನೋಡಿ. 2021ರ ಮೇ ತಿಂಗಳಲ್ಲಿ ಕರಾವಳಿಗುಂಟ ಹಾದುಹೋದ ತೌಕ್ತೆ ಚಂಡಮಾರುತದ ದಿನಗಳ ಬೋಯ್ ದಾಖಲೆ ಸಿಕ್ಕರೆ ಕಲಿಕೆಯಿಂದ ಹೊರಗಿಟ್ಟು ಪ್ರತ್ಯೇಕವಾಗಿ ಪರೀಕ್ಷಿಸಿ. ಗಾಳಿ ಅಥವಾ ಅಲೆ ಕಲಿಕೆಯಲ್ಲಿ ಕಂಡ ಗರಿಷ್ಠವನ್ನು ಮೀರಿದಾಗ ತಿದ್ದುಪಡಿಯನ್ನು ಬಿಟ್ಟು ಮಾದರಿಯ ಮೂಲ ಅಂಕಿಯನ್ನೇ ಕೊಡುವಂತೆ ಬರೆಯಿರಿ.

ಮಾದರಿಯ ಆವೃತ್ತಿ ಬದಲಾದರೆ ಅದರ ತಪ್ಪಿನ ಸ್ವಭಾವವೂ ಬದಲಾಗುತ್ತದೆ. ಪ್ರತಿ ಕಡತದ ಜೊತೆ ಆವೃತ್ತಿಯ ಸಂಖ್ಯೆ ಉಳಿಸಿ. ಬದಲಾದ ದಿನ ತಿದ್ದುಪಡಿ ನಿಲ್ಲಿಸಿ, ಹೊಸ ಆವೃತ್ತಿಯ ಒಂದು ಮಳೆಗಾಲವಾದರೂ ಕೂಡಿದ ಮೇಲೆ ಮರಳಿ ಕಲಿಸಿ.